ಥ್ಯಾಂಕ್ಸ್‌ಗಿವಿಂಗ್ ಊಟದ ಮೇಜಿಗೆ ಕಾಗದದ ಅಲಂಕಾರವನ್ನು ಮನೆಯಲ್ಲೇ ಮಾಡುವುದು ಹೇಗೆ?

ಪ್ರಶ್ನೆ
ಬರೆದವರು: ಮೇಪಲ್‌ನೆರಳು

ನಮಸ್ಕಾರ. ನಾವು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗರು. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಈ ವರ್ಷ ನಮ್ಮ ಮನೆಯಲ್ಲಿದೆ. ಪಕ್ಕದ ಮನೆಯ ಹಿರಿಯ ದಂಪತಿ, ಮಕ್ಕಳ ಗೆಳೆಯರ ಮನೆಯವರು, ಇದೇ ಊರಿನ ಇನ್ನೊಂದು ಕನ್ನಡ ಕುಟುಂಬ ಮತ್ತು ಮೈಸೂರಿನಿಂದ ಬಂದಿರುವ ನಮ್ಮ ಅತ್ತೆಯವರು ಸೇರಿದಂತೆ ಒಟ್ಟು 14 ಮಂದಿ ಊಟಕ್ಕೆ ಕೂರುತ್ತೇವೆ. ತಲಾ 6 ಅಡಿ ಉದ್ದದ ಎರಡು ಮೇಜುಗಳನ್ನು ತುದಿಗೆ ತುದಿ ಜೋಡಿಸುವ ಯೋಚನೆಯಿದೆ. ಅಗಲ 40 ಇಂಚು.

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಎಲೆಗಳ ತೋರಣ ನನಗೆ ಬೇಡ. ನಿಜವಾದ ಎಲೆಗಳನ್ನೇ ಬಳಸೋಣವೆಂದರೆ, ಇಲ್ಲಿ ಅಕ್ಟೋಬರ್ ನಡುವಿನಲ್ಲಿ ಉರಿಯುವಂತೆ ಕಾಣುವ ಮರಗಳು ನವೆಂಬರ್ ಕೊನೆಯ ಹೊತ್ತಿಗೆ ಬೋಳಾಗಿರುತ್ತವೆ. ಓಕ್ ಮರಗಳಲ್ಲಿ ಮಾತ್ರ ಒಣಗಿದ ಕಂದು ಎಲೆಗಳು ನೇತಾಡುತ್ತಿರುತ್ತವೆ. ಆದ್ದರಿಂದ ಎಲೆ, ಕುಂಬಳಕಾಯಿ, ಪ್ರತಿಯೊಬ್ಬರ ತಟ್ಟೆಯ ಬಳಿ ಇಡುವ ಹೆಸರಿನ ಚೀಟಿ ಎಲ್ಲವನ್ನೂ ಕಾಗದದಲ್ಲೇ ಮಾಡಬೇಕೆಂದುಕೊಂಡಿದ್ದೇನೆ. ನಮ್ಮ ಮಕ್ಕಳಿಗೆ 6 ಮತ್ತು 10 ವರ್ಷ. ಅವರ ಕೈಗೂ ಕೆಲಸ ಸಿಗಬೇಕು.

ನನಗೆ ತಿಳಿಯಬೇಕಾದ ವಿಷಯಗಳು ಹಲವಿವೆ. ಯಾವ ಕೆಲಸಕ್ಕೆ ಯಾವ ಬಗೆಯ ಕಾಗದ ಸರಿಹೋಗುತ್ತದೆ? ಬಿಸಿ ಬಿಸಿ ಅಡುಗೆಯ ಹಬೆ ಮತ್ತು ಚೆಲ್ಲುವ ಗ್ರೇವಿಯ ನಡುವೆ ಕಾಗದದ ವಸ್ತುಗಳು ನಿಲ್ಲುತ್ತವೆಯೇ? ಅತಿಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಸ್ಯಾಹಾರಿಗಳಾಗಿರುವುದರಿಂದ, ಯಾವ ಪಾತ್ರೆಯಲ್ಲಿ ಏನಿದೆಯೆಂಬುದನ್ನು ಅಲಂಕಾರದಲ್ಲೇ ತಿಳಿಸುವ ದಾರಿಯುಂಟೇ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1
ಬರೆದವರು: ಕತ್ತರಿ‌ಕಾಗದ

ನಾನು ಕಾಗದದ ಹೂವು ಮತ್ತು ಎಲೆಗಳನ್ನು ಬಹುಕಾಲದಿಂದ ಮಾಡುತ್ತ ಬಂದಿದ್ದೇನೆ. ಅಲಂಕಾರ ಸೊಗಸಾಗಿ ಬರುವುದು ಕೈಚಳಕಕ್ಕಿಂತ ಹೆಚ್ಚಾಗಿ ಕಾಗದದ ಆಯ್ಕೆಯಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಮೊದಲು ಕಾಗದದ ಮಾತು.

ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ಸಮಾನಾಂತರವಾಗಿ ಮಡಿಸಿದರೆ ಮಡಿಕೆ ನೇರವಾಗಿ, ಚೂಪಾಗಿ ಬರುತ್ತದೆ. ಅಡ್ಡಲಾಗಿ ಮಡಿಸಿದರೆ ಅಂಚು ಬಿರಿದು ಒರಟಾಗುತ್ತದೆ, ದಪ್ಪ ಕಾಗದದಲ್ಲಂತೂ ಇದು ಎದ್ದು ಕಾಣುತ್ತದೆ. ದಿಕ್ಕನ್ನು ತಿಳಿಯುವುದು ಸುಲಭ. ಹಾಳೆಯನ್ನು ಮಡಿಸದೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹಗುರವಾಗಿ ಬಾಗಿಸಿ ನೋಡಿದರೆ ಯಾವ ಕಡೆಗೆ ಕಡಿಮೆ ಪ್ರತಿರೋಧ ಕೈಗೆ ತಿಳಿಯುತ್ತದೆಯೋ ಆ ಮಡಿಕೆಯ ಗೆರೆಯೇ ನಾರಿನ ದಿಕ್ಕು. ಹತ್ತು ವರ್ಷದ ಮಗುವಿಗೆ ಇದನ್ನು ತೋರಿಸಿಕೊಡಿ, ಅದು ಜೀವನಪೂರ್ತಿ ಮರೆಯುವುದಿಲ್ಲ.

ಎಲೆಗಳಿಗೆ ಸಾಮಾನ್ಯ ಮುದ್ರಣದ ಕಾಗದ ಸಾಕು. ಅಮೆರಿಕದಲ್ಲಿ 20 ಪೌಂಡ್ ಎಂದು ಮಾರುವ ಈ ಹಾಳೆ ನಮ್ಮ ಲೆಕ್ಕದಲ್ಲಿ ಚದರ ಮೀಟರಿಗೆ 75 ಗ್ರಾಂ ತೂಗುತ್ತದೆ. ನಿಲ್ಲಬೇಕಾದ ವಸ್ತುಗಳಿಗೆ, ಎಂದರೆ ಕುಂಬಳಕಾಯಿಯ ಪಟ್ಟಿ ಮತ್ತು ಹೆಸರಿನ ಚೀಟಿಗಳಿಗೆ, 65 ಪೌಂಡಿನ ಕಾರ್ಡ್‌ಸ್ಟಾಕ್ ಎಂಬ ದಪ್ಪ ಕಾಗದ ಬೇಕು. ಅದು ಸುಮಾರು 176 ಗ್ರಾಂ. ಶಾಲಾಮಕ್ಕಳಿಗಾಗಿ ಮಾರುವ ಅಗ್ಗದ ಕನ್‌ಸ್ಟ್ರಕ್ಷನ್ ಪೇಪರ್ ಕತ್ತರಿಸಲು ಹಿತವಾಗಿದ್ದರೂ ಮಡಿಕೆಯಲ್ಲಿ ಬೇಗ ಹರಿಯುತ್ತದೆ, ಕಿಟಕಿಯ ಬಿಸಿಲಿಗೆ ಬೇಗ ಮಾಸುತ್ತದೆ. ಅದನ್ನು 6 ವರ್ಷದ ಮಗುವಿನ ಅಭ್ಯಾಸಕ್ಕೆ ಬಿಟ್ಟುಬಿಡಿ.

ಇನ್ನು ನೆರಿಗೆಯ ಎಲೆ. ತಳದ ಅಂಚು 20 ಸೆಂಟಿಮೀಟರ್, ಎತ್ತರ ಸುಮಾರು 15 ಸೆಂಟಿಮೀಟರ್ ಇರುವ ಒಂದು ಸಮದ್ವಿಬಾಹು ತ್ರಿಕೋನವನ್ನು ಕತ್ತರಿಸಿಕೊಳ್ಳಿ. ತಳದ ಅಂಚು ನಾರಿನ ದಿಕ್ಕಿನಲ್ಲೇ ಇರಲಿ. ತಳದಿಂದ ಆರಂಭಿಸಿ, ಸೀರೆಯ ನೆರಿಗೆ ಹಿಡಿಯುವಂತೆ, ಒಂದೊಂದು ಸೆಂಟಿಮೀಟರ್ ಅಗಲದಲ್ಲಿ ಹಿಂದೆ ಮುಂದೆ ಮಡಿಸುತ್ತ ತುದಿಯವರೆಗೆ ಹೋಗಿ. ಕೊನೆಯಲ್ಲಿ ಸಿಗುವ ನೆರಿಗೆಯ ಕಟ್ಟನ್ನು ನಟ್ಟನಡುವೆ ಬಾಗಿಸಿ, ಈಗ ಎದುರುಬದುರಾಗುವ ತಳದ ಎರಡು ಅರ್ಧಗಳನ್ನು ಒಂದಕ್ಕೊಂದು ಅಂಟಿಸಿಬಿಡಿ. ಬಿಟ್ಟ ಕೂಡಲೇ ಎರಡೂ ಕಡೆಗೆ ನೆರಿಗೆಗಳು ಅರಳಿಕೊಳ್ಳುತ್ತವೆ: ಅಂಟಿಸಿದ ಸಾಲು ಎಲೆಯ ನಡುನರವಾಗುತ್ತದೆ, ಉಳಿದ ಮಡಿಕೆಗಳು ಕವಲುನರಗಳಂತೆ ಓರೆಯಾಗಿ ಹರಡುತ್ತವೆ, ಬಾಗಿಸಿದ ಜಾಗದಲ್ಲಿ ತೊಟ್ಟಿಗೆ ಒಂದು ತಂತಿಯನ್ನು ಸಿಕ್ಕಿಸಬಹುದು. ಮಡಿಸುವ ಮೊದಲೇ ತ್ರಿಕೋನದ ಓರೆ ಅಂಚುಗಳನ್ನು ಅಲೆಯಂತೆ ಕತ್ತರಿಸಿದರೆ ಎಲೆಯ ಅಂಚಿಗೂ ಆ ಏರಿಳಿತ ಬರುತ್ತದೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಚೆಲುವು ಕೊಡುವ ಇನ್ನೊಂದು ಕಾಗದದ ಕೆಲಸವನ್ನು ನಾನು ಕಂಡಿಲ್ಲ.

ಚಪ್ಪಟೆ ಎಲೆಗಳು ಬೇಕೆಂದರೆ ಹಾಳೆಯನ್ನು ಎರಡಾಗಿ ಮಡಿಸಿ ಅರ್ಧ ಆಕಾರವನ್ನು ಕತ್ತರಿಸಿದರಾಯಿತು. ಶುಗರ್ ಮೇಪಲ್ ಎಲೆಗೆ ಐದು ಹಾಲೆಗಳು, ಎಂದರೆ ಹೊರಚಾಚಿದ ಭಾಗಗಳು. ರೆಡ್ ಓಕ್ ಎಲೆಯ ಹಾಲೆಗಳ ತುದಿ ಚೂಪು, ವೈಟ್ ಓಕ್‌ನದು ದುಂಡು. ಈ ಭೇದಗಳನ್ನು ಉಳಿಸಿಕೊಂಡರೆ ಮೇಜಿನ ಮೇಲಿನ ಎಲೆಗಳು ನಿಮ್ಮ ಬೀದಿಯ ಮರಗಳ ಎಲೆಗಳೇ ಆಗಿ ಕಾಣುತ್ತವೆ. ಬಣ್ಣ ಹಚ್ಚುವಾಗ ಇಡೀ ಎಲೆಗೆ ಒಂದೇ ಕೆಂಪನ್ನು ಬಳಿಯಬೇಡಿ. ಶರತ್ಕಾಲದಲ್ಲಿ ಎಲೆಯ ಹಸಿರುವಸ್ತು ಒಡೆದುಹೋದಂತೆ, ಮೊದಲಿನಿಂದಲೂ ಒಳಗಿದ್ದ ಹಳದಿ ಮತ್ತು ಕಿತ್ತಳೆ ಬಣ್ಣಗಳು ಹೊರಗೆ ಕಾಣುತ್ತವೆ. ಕೆಂಪು ಮಾತ್ರ ಬಹುಮಟ್ಟಿಗೆ ಆ ದಿನಗಳಲ್ಲಿ ಹೊಸದಾಗಿ ಹುಟ್ಟುತ್ತದೆ. ಬಣ್ಣ ತಿರುಗುತ್ತಿರುವ ಮೇಪಲ್ ಎಲೆಯಲ್ಲಿ ಅನೇಕ ವೇಳೆ ನರಗಳ ಅಕ್ಕಪಕ್ಕ ಹಸಿರು ಕೊನೆಯವರೆಗೂ ಉಳಿದಿರುತ್ತದೆ. ಹಳದಿಯನ್ನು ಎಲ್ಲ ಕಡೆ ತೆಳುವಾಗಿ ಬಳಿದು, ಅಂಚಿನಿಂದ ಒಳಕ್ಕೆ ಕೆಂಪನ್ನು ಎಳೆದು, ನರಗಳ ಬಳಿ ಸ್ವಲ್ಪ ಹಸಿರನ್ನು ಬಿಟ್ಟರೆ ಕಾಗದಕ್ಕೆ ಜೀವ ಬರುತ್ತದೆ.

ಕುಂಬಳಕಾಯಿಗೆ 8 ಇಂಚು ಉದ್ದ, ಅರ್ಧ ಇಂಚು ಅಗಲದ 16 ಪಟ್ಟಿಗಳು ಬೇಕು. ಎರಡೂ ತುದಿಗಳಲ್ಲಿ ತೂತು ಮಾಡಿ, ಬ್ರ್ಯಾಡ್ ಎಂಬ ಹೆಸರಿನಲ್ಲಿ ಸಿಗುವ ಎರಡು ಕಾಲಿನ ಹಿತ್ತಾಳೆ ಪಿನ್ನಿನಿಂದ ಎಲ್ಲವನ್ನೂ ಒಟ್ಟಿಗೆ ಬಿಗಿದು, ಬಿಲ್ಲಿನಂತೆ ಬಾಗಿಸಿ, ಪಟ್ಟಿಗಳನ್ನು ಒಂದೊಂದಾಗಿ ಸುತ್ತಲೂ ಸರಿಸಿದರೆ ಸುಮಾರು 5 ಇಂಚು ವ್ಯಾಸದ ಗೋಳ ಸಿದ್ಧವಾಗುತ್ತದೆ. ಪಿನ್ನಿಗೆ ಬದಲಾಗಿ ಮೇಲಿನಿಂದ ಕೆಳಕ್ಕೆ ದಾರ ಪೋಣಿಸಿ ಸ್ವಲ್ಪ ಬಿಗಿಯಾಗಿ ಎಳೆದು ಗಂಟು ಹಾಕಿದರೆ, ಗೋಳ ಅದುಮಿದಂತಾಗಿ ನಿಜವಾದ ಕುಂಬಳದ ಆಕಾರ ಬರುತ್ತದೆ. ಪಟ್ಟಿಯನ್ನು ಉದ್ದಕ್ಕೆ ಕತ್ತರಿಸುವಾಗ ನಾರಿನ ದಿಕ್ಕು ಅಡ್ಡಲಾಗಿರುವಂತೆ ನೋಡಿಕೊಂಡರೆ ಬಿಲ್ಲು ನಯವಾಗಿ ಬಾಗುತ್ತದೆ.

ಅಮೆರಿಕದ ಹಳೆಯ ಮನೆಗಳಲ್ಲಿ ಮೇಜಿನ ನಡುವೆ ಇಡುತ್ತಿದ್ದ ಟಿಶ್ಯೂ ಕಾಗದದ ಜೇನುಗೂಡಿನ ಟರ್ಕಿ ಕೋಳಿಯನ್ನು ನೀವು ಕಂಡಿರಬಹುದು. ಅದೇ ವಿಧಾನದಿಂದ ಹಣ್ಣುಗಳನ್ನೂ ಮಾಡಬಹುದು. ಸುಮಾರು 30 ಟಿಶ್ಯೂ ಹಾಳೆಗಳನ್ನು ಒಂದರ ಮೇಲೊಂದು ಇಡುತ್ತ, ಮೊದಲ ಹಾಳೆಯ ಮೇಲೆ 2 ಇಂಚಿಗೊಂದು ತೆಳುವಾದ ಅಂಟಿನ ಗೆರೆ, ಮುಂದಿನ ಹಾಳೆಯ ಮೇಲೆ ಆ ಗೆರೆಗಳ ನಟ್ಟನಡುವೆ ಬರುವಂತೆ ಗೆರೆ, ಹೀಗೆ ಬದಲಿಸುತ್ತ ಹೋಗಬೇಕು. ಒಣಗಿದ ಮೇಲೆ ಅರ್ಧಚಂದ್ರಾಕಾರವಾಗಿ ಕತ್ತರಿಸಿ ಬಿಡಿಸಿದರೆ ಗೂಡು ಗೂಡಾಗಿ ತೆರೆದುಕೊಳ್ಳುತ್ತದೆ. ಇದು ತಾಳ್ಮೆಯ ಕೆಲಸ. ಸಮಯವಿದ್ದರೆ ಮಾತ್ರ ಕೈಹಾಕಿ.

ಉತ್ತರ 2
ಬರೆದವರು: ಬಡಿಸುವಕೈ

ಮೇಲಿನ ಉತ್ತರ ಬಹಳ ಉಪಯುಕ್ತವಾಗಿದೆ. ಆದರೆ ಇದು ಊಟದ ಮೇಜು, ನೋಡುವುದಕ್ಕಾಗಿ ಮಾತ್ರ ಇಟ್ಟ ಮೇಜಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲವು ವಿಷಯಗಳನ್ನು ಹೇಳಬಯಸುತ್ತೇನೆ.

ನಿಮ್ಮ ಮೇಜಿನ ಅಗಲ 40 ಇಂಚು. ತಟ್ಟೆ, ಲೋಟ, ಚಮಚಗಳಿಗೆ ಒಂದೊಂದು ಬದಿಯಲ್ಲಿ 14 ಇಂಚು ಹೋದರೆ ನಡುವೆ ಉಳಿಯುವುದು 12 ಇಂಚು ಮಾತ್ರ. ಆ 12 ಇಂಚಿನಲ್ಲಿ ಪಾತ್ರೆಗಳನ್ನೂ ಅಲಂಕಾರವನ್ನೂ ಕೂಡಿಸಲು ಹೋದರೆ ಎರಡೂ ಕೆಡುತ್ತವೆ. ಅಡುಗೆಯನ್ನೆಲ್ಲ ಗೋಡೆಯ ಬದಿಯ ಬೇರೊಂದು ಮೇಜಿನಲ್ಲಿಟ್ಟು, ಅತಿಥಿಗಳು ಅಲ್ಲಿಂದ ಬಡಿಸಿಕೊಂಡು ಬರುವಂತೆ ಮಾಡಿ. ಹಬೆ ಮತ್ತು ಗ್ರೇವಿಯ ಚಿಂತೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯುತ್ತದೆ. ನಮ್ಮಲ್ಲಿ ಪಂಕ್ತಿ ಊಟಕ್ಕೆ ಬಾಳೆಲೆ ಹಾಕುವಾಗ ರಂಗೋಲಿಯನ್ನು ಎಲೆಯ ಸುತ್ತ ಬಿಡಿಸುತ್ತಾರೆಯೇ ಹೊರತು ಬಡಿಸುವವರ ದಾರಿಗೆ ಅಡ್ಡ ಬರುವಂತೆ ಏನನ್ನೂ ಇಡುವುದಿಲ್ಲ. ಆ ವಿವೇಕ ಇಲ್ಲಿಯೂ ಸಲ್ಲುತ್ತದೆ.

ನಡುವಿನ ಉದ್ದಕ್ಕೆ ಕಂದುಬಣ್ಣದ ಕ್ರಾಫ್ಟ್ ಕಾಗದದ ಸುರುಳಿಯನ್ನು ಬಿಚ್ಚಿ ಹಾಸಿ. ಅದರ ಮೇಲೆ ಮಕ್ಕಳು ಬಿಳಿ ಬಣ್ಣದ ಪೆನ್ನಿನಿಂದ ಚುಕ್ಕಿ ರಂಗೋಲಿಯನ್ನು ಬಿಡಿಸಲಿ. ನಿಮ್ಮ ಅತ್ತೆಯವರು ಚುಕ್ಕಿಗಳ ಲೆಕ್ಕ ಹೇಳಿಕೊಡಬಹುದು. ಹಾಸಿನ ಮೇಲೆ ಎಲೆಗಳನ್ನು ಒತ್ತೊತ್ತಾಗಿ ಸುರಿಯದೆ, ಮೂರು ಕಡೆ ಮಾತ್ರ ಗುಂಪಾಗಿಟ್ಟು ನಡುವೆ ಖಾಲಿ ಜಾಗ ಬಿಡಿ. ಯಾವ ವಸ್ತುವೂ 12 ಇಂಚಿಗಿಂತ ಎತ್ತರವಾಗಿರಬಾರದು. ಇಲ್ಲವಾದರೆ ಎದುರು ಕೂತವರ ಮುಖ ಕಾಣದೆ ಮಾತು ನಿಂತುಹೋಗುತ್ತದೆ. 5 ಇಂಚಿನ ಕುಂಬಳಗಳು ಈ ದೃಷ್ಟಿಯಿಂದ ಚೆನ್ನ.

ಮೇಣದ ಬತ್ತಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಉರಿಯುವ ಬತ್ತಿಗೂ ಹೊತ್ತಿಕೊಳ್ಳಬಲ್ಲ ಯಾವುದೇ ವಸ್ತುವಿಗೂ ನಡುವೆ ಕನಿಷ್ಠ 12 ಇಂಚು ಅಂತರವಿರಬೇಕೆಂದು ಅಮೆರಿಕದ ರಾಷ್ಟ್ರೀಯ ಅಗ್ನಿಸುರಕ್ಷತಾ ಸಂಘ ಹೇಳುತ್ತದೆ. ಕಾಗದ ಹಾಸಿದ 40 ಇಂಚಿನ ಮೇಜಿನಲ್ಲಿ ಅದು ಸಾಧ್ಯವೇ ಇಲ್ಲ. ಬ್ಯಾಟರಿಯಿಂದ ಬೆಳಗುವ ಪುಟ್ಟ ಎಲ್‌ಇಡಿ ದೀಪಗಳನ್ನು ಕುಂಬಳದ ಪಟ್ಟಿಗಳೊಳಗೆ ಇಟ್ಟರೆ, ಪಟ್ಟಿಗಳ ಸಂದಿನಿಂದ ಬೆಳಕು ಗೆರೆಗೆರೆಯಾಗಿ ಹಾಸಿನ ಮೇಲೆ ಬೀಳುತ್ತದೆ. ಮಿನುಗುಪುಡಿಯನ್ನು ಮಾತ್ರ ಊಟದ ಮೇಜಿನ ಯಾವ ವಸ್ತುವಿಗೂ ಹಚ್ಚಬೇಡಿ. ಅದು ಉದುರಿ ತಟ್ಟೆ ಸೇರುತ್ತದೆ.

ಹೆಸರಿನ ಚೀಟಿಗೆ ಮೂರೂವರೆ ಇಂಚು ಅಗಲ, 4 ಇಂಚು ಎತ್ತರದ ಕಾರ್ಡನ್ನು ನಡುವೆ ಮಡಿಸಿ ಗುಡಾರದಂತೆ ನಿಲ್ಲಿಸಿ. ಹೆಸರನ್ನು ಎರಡೂ ಮುಖಗಳಲ್ಲಿ ಬರೆಯಿರಿ. ಪರಿಚಯವಿಲ್ಲದವರು ಎದುರುಬದುರು ಕೂತಾಗ, ಹೆಸರು ಕೇಳಲು ಸಂಕೋಚಪಡುವವರಿಗೆ ಇದರಿಂದ ತುಂಬ ಅನುಕೂಲ.

ಪಾತ್ರೆಗಳ ಮುಂದಿನ ಚೀಟಿಗಳನ್ನು ಇನ್ನೂ ಹೆಚ್ಚು ಜಾಗರೂಕತೆಯಿಂದ ಬರೆಯಬೇಕು. ಭಾರತದ ಆಹಾರದ ಪೊಟ್ಟಣಗಳ ಮೇಲಿನ ಹಸಿರು ಚೌಕದೊಳಗಿನ ಹಸಿರು ಚುಕ್ಕಿ ನಮಗೆ ತಟ್ಟನೆ ಅರ್ಥವಾಗುತ್ತದೆ. ಅಮೆರಿಕದ ಅತಿಥಿಗಳಿಗೆ ಅದು ಬರಿಯ ಚಿತ್ರ. ಸಸ್ಯಾಹಾರಕ್ಕೆ ಹಸಿರು ಎಲೆಯ ಚೀಟಿ, ಮಾಂಸಾಹಾರಕ್ಕೆ ಕಂದು ಎಲೆಯ ಚೀಟಿ ಎಂದು ಬಣ್ಣ ಬೇರೆ ಮಾಡಿದರೂ, ಅದರ ಮೇಲೆ ಸ್ಪಷ್ಟವಾದ ಮಾತುಗಳಲ್ಲಿ ಬರೆದೇ ಇರಬೇಕು. ಈ ಹಬ್ಬದ ಅಡುಗೆಯಲ್ಲಿ ಹೊರನೋಟಕ್ಕೆ ಸಸ್ಯಾಹಾರವೆನಿಸುವ ಹಲವು ಪದಾರ್ಥಗಳಿವೆ: ಬ್ರೆಡ್ಡಿನ ಸ್ಟಫಿಂಗ್‌ಗೆ ಕೋಳಿಯ ಸಾರು ಹಾಕಿರಬಹುದು, ಗೆಣಸಿನ ಮೇಲಿನ ಮಾರ್ಶ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್ ಇರುತ್ತದೆ, ಪಂಪ್ಕಿನ್ ಪೈಯಲ್ಲಿ ಮೊಟ್ಟೆ ಇರುತ್ತದೆ. ಅತಿಥಿಗಳು ತಂದ ಅಡುಗೆಗೆ ಖಾಲಿ ಚೀಟಿಗಳನ್ನೂ ಪೆನ್ನನ್ನೂ ಬಾಗಿಲ ಬಳಿಯೇ ಇಟ್ಟು, ತಂದವರಿಂದಲೇ ಬರೆಸಿಕೊಳ್ಳಿ. ಗೋಡಂಬಿ, ಬಾದಾಮಿ ಮೊದಲಾದವು ಇದ್ದರೆ ಅದೂ ಚೀಟಿಯಲ್ಲಿರಲಿ.

ಉತ್ತರ 3
ಬರೆದವರು: ಧಾರವಾಡದಿಂದ

ನಮ್ಮ ಕಡೆ ಗಣಪತಿ ಹಬ್ಬಕ್ಕೆ ಮಂಟಪಕ್ಕೆ ಕಟ್ಟುವ ಬಣ್ಣದ ಕಾಗದದ ಪರಪರಿಯನ್ನು ಮನೆಯಲ್ಲೇ ಕತ್ತರಿಸಿ, ಮನೆಯಲ್ಲೇ ಬೇಯಿಸಿದ ಮೈದಾ ಅಂಟಿನಿಂದ ದಾರಕ್ಕೆ ಹಚ್ಚುವ ರೂಢಿ ಇತ್ತು. ನಿಮ್ಮ ಮೇಜಿಗೂ ಆ ಅಂಟೇ ಸಾಕು, ಏಕೆಂದರೆ ಮಕ್ಕಳ ಕೈಬಾಯಿಗೆ ತಗುಲಿದರೂ ಅಪಾಯವಿಲ್ಲ. ಒಂದು ಪಾಲು ಮೈದಾಹಿಟ್ಟನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು ನಾಲ್ಕೈದು ಪಾಲು ನೀರಾಗುವಂತೆ ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದರೆ ಬಿಳುಪು ಕಳೆದು ಅರೆಪಾರದರ್ಶಕವಾಗುತ್ತ ಗಟ್ಟಿಯಾಗುತ್ತದೆ. ಆರಿದ ಮೇಲೆ ಬಳಸಿ. ಮಿಕ್ಕದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನ ಬರುತ್ತದೆ. ಪುಸ್ತಕ ಕಟ್ಟುವವರು ಹುಳ ಬಾರದಿರಲೆಂದು ಇಂಥ ಅಂಟಿಗೆ ಮೈಲುತುತ್ತ ಸೇರಿಸುವುದುಂಟು. ಅದು ವಿಷ, ಊಟದ ಮೇಜಿಗೆ ಹೋಗುವ ವಸ್ತುವಿಗೆ ಅದನ್ನು ಖಂಡಿತ ಸೇರಿಸಬಾರದು. ಅಂಟನ್ನು ತೆಳುವಾಗಿ ಹಚ್ಚಿ. ಕಾಗದ ತೇವವಾದಾಗ ನಾರಿನ ಅಡ್ಡ ದಿಕ್ಕಿಗೆ ಹಿಗ್ಗುವುದರಿಂದ, ದಪ್ಪಗೆ ಬಳಿದ ಹಾಳೆ ಒಣಗುವಾಗ ಸೊಟ್ಟಗಾಗುತ್ತದೆ.

ಬಣ್ಣಕ್ಕೂ ಅಡುಗೆಮನೆಯ ಆಚೆ ಹೋಗಬೇಕಾಗಿಲ್ಲ. ಅರಿಶಿನವನ್ನು ಬಿಸಿನೀರಿನಲ್ಲಿ ಕದಡಿ, ಅದು ನೀರಿನಲ್ಲಿ ಪೂರ್ತಿ ಕರಗುವುದಿಲ್ಲವಾದ್ದರಿಂದ ಬಟ್ಟೆಯಲ್ಲಿ ಸೋಸಿ, ಬಿಳಿಯ ಕಾಫಿ ಫಿಲ್ಟರ್ ಕಾಗದಕ್ಕೆ ಹಚ್ಚಿ ಒಣಗಿಸಿ. ಬಳಿಕ ಅಡುಗೆಸೋಡಾ ಬೆರೆಸಿದ ನೀರಿನಲ್ಲಿ ಕುಂಚವನ್ನು ಅದ್ದಿ ನರಗಳನ್ನು ಎಳೆಯಲು ಮಕ್ಕಳಿಗೆ ಹೇಳಿ. ಕುಂಚ ಹರಿದಲ್ಲೆಲ್ಲ ಹಳದಿ ಕಣ್ಣೆದುರೇ ಕೆಂಗಂದಾಗಿ ತಿರುಗುತ್ತದೆ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬಿದ್ದೊಡನೆ ಅದು ಕೆಂಪಾಗುವುದೂ ಇದೇ ಕಾರಣಕ್ಕೆ: ಕ್ಷಾರ ತಗುಲಿದಾಗ ಅರಿಶಿನ ಬಣ್ಣ ಬದಲಿಸುತ್ತದೆ. ಅತ್ತೆಯವರು ಮೊಮ್ಮಕ್ಕಳಿಗೆ ಎರಡನ್ನೂ ಅಕ್ಕಪಕ್ಕದಲ್ಲಿ ಮಾಡಿ ತೋರಿಸಿದರೆ ಎಷ್ಟು ಚೆನ್ನಾಗಿರುತ್ತದೆ! ಆದರೆ ನಿಂಬೆಹಣ್ಣಿನ ಹನಿ ಬಿದ್ದರೆ ಕೆಂಪು ಮತ್ತೆ ಹಳದಿಯಾಗುತ್ತದೆ, ಬಿಸಿಲಿಗಿಟ್ಟರೆ ಅರಿಶಿನ ಬಹಳ ಬೇಗ ಮಾಸುತ್ತದೆ. ಹಬ್ಬದ ಹಿಂದಿನ ದಿನವೋ ಅದರ ಮೊದಲ ದಿನವೋ ಮಾಡಿ, ಕಪಾಟಿನೊಳಗೆ ಇಟ್ಟುಕೊಳ್ಳಿ. ಈರುಳ್ಳಿಯ ಒಣಸಿಪ್ಪೆಯನ್ನು ಕುದಿಸಿದ ನೀರು ಕಿತ್ತಳೆಗಂದು ಬಣ್ಣ ಕೊಡುತ್ತದೆ. ಕಡುಚಹಾದ ನೀರು ಒಣಗಿದ ಓಕ್ ಎಲೆಯ ಬಣ್ಣಕ್ಕೆ ತೀರ ಹತ್ತಿರ.

ಉತ್ತರ 4
ಬರೆದವರು: ಹೊಲದಂಚು

ಎಲೆ ಮತ್ತು ಕುಂಬಳದ ಜೊತೆಗೆ ಮೆಕ್ಕೆಜೋಳದ ತೆನೆಯನ್ನೂ ಸೇರಿಸಿಕೊಳ್ಳಿ ಎಂಬುದು ನನ್ನ ಕೋರಿಕೆ, ಅದಕ್ಕೆ ಕಾರಣವೂ ಇದೆ. ನೀವಿರುವ ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿಯೇ 1621ರಲ್ಲಿ ಇಂಗ್ಲೆಂಡಿನಿಂದ ಬಂದ ವಲಸಿಗರು, ಈ ಹಬ್ಬದ ಮೂಲವೆಂದು ಹೇಳಲಾಗುವ ಸುಗ್ಗಿಯ ಊಟ ಮಾಡಿದ್ದು. ಆ ಊಟದಲ್ಲಿ ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮ್ಯಾಸಸಾಯಿಟ್ ಮತ್ತು ಆತನ ಸುಮಾರು 90 ಮಂದಿ ಇದ್ದರು. ಅಲ್ಲಿನ ಮಣ್ಣಿನಲ್ಲಿ ಮೆಕ್ಕೆಜೋಳ ಬೆಳೆಯುವ ಬಗೆಯನ್ನು ವಲಸಿಗರಿಗೆ ಕಲಿಸಿದವರು ಮೂಲನಿವಾಸಿಗಳು. ಶಾಲೆಗಳ ಕರಕುಶಲ ಹಾಳೆಗಳಲ್ಲಿ ಮಕ್ಕಳಿಗೆ ಕಾಗದದ ಗರಿಯ ಕಿರೀಟ ಮಾಡಿಸುವುದನ್ನು ಈಗಲೂ ನೋಡುತ್ತೇವೆ. ಆ ಉದ್ದ ಗರಿಗಳ ಕಿರೀಟ ದೂರದ ಬಯಲುಸೀಮೆಯ ಬೇರೆ ಜನಾಂಗಗಳದ್ದು, ವಾಂಪನೋಗರದ್ದಲ್ಲ. ಅದೂ ಅಲ್ಲದೆ ಗೌರವದಿಂದ ಧರಿಸುವ ವಸ್ತುವನ್ನು ಮಕ್ಕಳ ಆಟಿಕೆ ಮಾಡುವುದು ಸರಿಯಲ್ಲ. 1970ರಿಂದ ಪ್ರತಿ ವರ್ಷ ಇದೇ ದಿನ ಮೂಲನಿವಾಸಿಗಳು ಪ್ಲಿಮತ್‌ನಲ್ಲಿ ಶೋಕದಿನವನ್ನು ಆಚರಿಸುತ್ತಾರೆ. ನಿಮ್ಮ ಮೇಜಿನಲ್ಲಿ ಗರಿಯ ಕಿರೀಟದ ಬದಲು ಅವರ ಹೊಲದ ಬೆಳೆಗಳಿರಲಿ.

ಮೆಕ್ಕೆಜೋಳ, ಹುರುಳಿಕಾಯಿಯ ಬಳ್ಳಿ ಮತ್ತು ಕುಂಬಳ, ಈ ಮೂರನ್ನೂ ಒಂದೇ ಗುಡ್ಡೆಯಲ್ಲಿ ಬಿತ್ತುವುದು ಅವರ ಪದ್ಧತಿ. ಜೋಳದ ದಂಟು ಬಳ್ಳಿಗೆ ಆಸರೆ, ಬಳ್ಳಿಯ ಬೇರು ಮಣ್ಣಿಗೆ ಸಾರಜನಕ, ಕುಂಬಳದ ಅಗಲ ಎಲೆ ನೆಲಕ್ಕೆ ನೆರಳು. ರಾಗಿ ಹೊಲದಲ್ಲಿ ಅವರೆ, ತೊಗರಿಗಳ ಅಕ್ಕಡಿ ಸಾಲು ನೋಡಿ ಬೆಳೆದವರಿಗೆ ಇದರ ಜಾಣ್ಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೆನೆ ಮಾಡುವುದು 6 ವರ್ಷದ ಮಗುವಿಗೆ ಹೇಳಿಮಾಡಿಸಿದ ಕೆಲಸ. ಗಟ್ಟಿಯಾಗಿ ಸುರುಳಿ ಸುತ್ತಿದ ಹಳೆಯ ಪತ್ರಿಕೆಯೇ ದಿಂಡು. ಅರ್ಧ ಇಂಚಿನ ಟಿಶ್ಯೂ ಚೂರುಗಳನ್ನು ಬೆರಳಲ್ಲಿ ಉಂಡೆ ಕಟ್ಟಿ ಸಾಲಾಗಿ ಅಂಟಿಸುತ್ತ ಹೋಗಬೇಕು. ಹಳದಿಯಷ್ಟೇ ಅಲ್ಲದೆ ಕಡುಗೆಂಪು, ನೀಲಿಗಪ್ಪು, ಕೆನೆಬಣ್ಣದ ಉಂಡೆಗಳೂ ಇರಲಿ, ಏಕೆಂದರೆ ಅಲ್ಲಿನ ಹಳೆಯ ತಳಿಗಳ ಕಾಳುಗಳು ಹಾಗೆಯೇ ಬಣ್ಣಬಣ್ಣವಾಗಿರುತ್ತವೆ. ಮೆಕ್ಕೆಜೋಳದ ತೆನೆಯಲ್ಲಿ ಕಾಳಿನ ಸಾಲುಗಳ ಸಂಖ್ಯೆ ಸಮಸಂಖ್ಯೆಯಾಗಿರುತ್ತದೆ. 8 ಸಾಲು ಮಾಡಿದರೆ ಕಣ್ಣಿಗೂ ಸರಿ, ಕೈಗೂ ಹಗುರ. ಸಿಪ್ಪೆಗೆ ದಿನಸಿ ಅಂಗಡಿಯ ಕಂದು ಚೀಲವನ್ನು ಮುದ್ದೆ ಮಾಡಿ, ಬಿಡಿಸಿ, ಮತ್ತೆ ಮುದ್ದೆ ಮಾಡಿದರೆ ಅದು ಬಟ್ಟೆಯಂತೆ ಮೆದುವಾಗುತ್ತದೆ. ಉದ್ದನೆಯ ಎಲೆಗಳಾಗಿ ಕತ್ತರಿಸಿ ಬುಡಕ್ಕೆ ದಾರದಿಂದ ಬಿಗಿಯಿರಿ.

ಮರುಪ್ರಶ್ನೆ
ಬರೆದವರು: ಮೇಪಲ್‌ನೆರಳು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಅಡುಗೆಯನ್ನು ಬದಿಯ ಮೇಜಿಗೆ ಸಾಗಿಸುವ ಸಲಹೆಯಿಂದ ನನ್ನ ದೊಡ್ಡ ಚಿಂತೆಯೊಂದು ಕಳೆಯಿತು. ಜೋಳದ ತೆನೆಯನ್ನು ಚಿಕ್ಕವನಿಗೂ ನೆರಿಗೆಯ ಎಲೆಯನ್ನು ದೊಡ್ಡವಳಿಗೂ ಒಪ್ಪಿಸಿದ್ದೇನೆ, ಅರಿಶಿನದ ಕೆಲಸವನ್ನು ಅತ್ತೆಯವರು ತಾವೇ ಕೇಳಿ ಪಡೆದರು. ಇನ್ನೊಂದು ಸಂದೇಹ ಉಳಿದಿದೆ. ಸುಕ್ಕುಸುಕ್ಕಾಗಿರುವ ಕ್ರೇಪ್ ಕಾಗದದಲ್ಲಿ ಸೇವಂತಿಗೆ ಹೂಗಳನ್ನು ಮಾಡಿ ಕುಂಬಳಗಳ ನಡುವೆ ಇಡಬೇಕೆಂದಿದ್ದೇನೆ. ಮೇಜಿನ ಹಾಸು ಬಿಳಿಯ ಹತ್ತಿಬಟ್ಟೆ. ಬಣ್ಣ ಹತ್ತುವ ಭಯವಿದೆಯೇ?

ಉತ್ತರ 5
ಬರೆದವರು: ಕತ್ತರಿ‌ಕಾಗದ

ಖಂಡಿತ ಇದೆ. ಬಹುತೇಕ ಕ್ರೇಪ್ ಕಾಗದಗಳ ಬಣ್ಣ ಒಂದು ಹನಿ ನೀರು ತಗುಲಿದರೂ ಬಿಡುತ್ತದೆ, ಕೆಂಪು ಮತ್ತು ನೇರಳೆಯಂತೂ ಬಿಳಿ ಬಟ್ಟೆಯಿಂದ ಹೋಗುವುದೇ ಕಷ್ಟ. ತಣ್ಣೀರಿನ ಲೋಟದ ಹೊರಮೈ ಬೆವರಿದ ತೇವವೂ ಅದಕ್ಕೆ ಸಾಕು. ಅರಿಶಿನದ ಎಲೆಗಳಿಗೂ ಈ ಮಾತು ಅನ್ವಯಿಸುತ್ತದೆ. ಆದ್ದರಿಂದ ಹೂಗಳನ್ನೂ ಅರಿಶಿನದ ಎಲೆಗಳನ್ನೂ ಕ್ರಾಫ್ಟ್ ಕಾಗದದ ಹಾಸಿನ ಮೇಲೆ ಮಾತ್ರ, ಅಂಚಿನಿಂದ ಎರಡು ಇಂಚು ಒಳಗೆ ಇಡಿ, ಹಾಸಿನ ಕೆಳಗೆ ಬೆಣ್ಣೆಕಾಗದದ ಒಂದು ಪದರವನ್ನೂ ಹರಡಿ.

ಸೇವಂತಿಗೆಗೆ ಹೂ ಮಾಡುವವರಿಗೆಂದೇ ಬರುವ ಇಟಲಿಯ 180 ಗ್ರಾಂ ಕ್ರೇಪ್ ಉತ್ತಮ. ಹಬ್ಬದ ತೋರಣಕ್ಕೆ ಮಾರುವ ತೆಳು ಕ್ರೇಪ್ ಎಸಳಿನ ಆಕಾರವನ್ನು ಹಿಡಿದಿಡುವುದಿಲ್ಲ. ಕ್ರೇಪಿನ ಸುಕ್ಕುಗಳು ಎಸಳಿನ ಉದ್ದಕ್ಕೆ ಇರುವಂತೆ ಕತ್ತರಿಸಿ. 3 ಇಂಚು ಅಗಲದ ಉದ್ದನೆಯ ಪಟ್ಟಿಗೆ ಬುಡದಲ್ಲಿ ಮುಕ್ಕಾಲು ಇಂಚು ಬಿಟ್ಟು ಒತ್ತೊತ್ತಾಗಿ ಸೀಳು ಕೊಟ್ಟು, ಪ್ರತಿ ಎಸಳನ್ನೂ ಕತ್ತರಿಯ ಅಲಗಿನ ಮೇಲೆ ಮೆಲ್ಲನೆ ಎಳೆದರೆ ಅದು ಒಳಕ್ಕೆ ಬಾಗುತ್ತದೆ. ಆಮೇಲೆ ಬುಡಕ್ಕೆ ಅಂಟು ಹಚ್ಚುತ್ತ ಸುರುಳಿ ಸುತ್ತಿ, ಒಳಗಿನ ಸುತ್ತುಗಳನ್ನು ಬಿಗಿಯಾಗಿಯೂ ಹೊರಗಿನವನ್ನು ಸಡಿಲವಾಗಿಯೂ ಬಿಡಿ. ಕೆಳಗೆ ತೊಟ್ಟು ಉಳಿಯದಂತೆ ಬುಡವನ್ನು ಸಮನಾಗಿ ಕತ್ತರಿಸಿದರೆ ಹೂ ಮೇಜಿನ ಮೇಲೆ ಅಲುಗಾಡದೆ ಕೂರುತ್ತದೆ. ಊಟ ಮುಗಿದು ಬಟ್ಟೆ ತೆಗೆಯುವ ಮೊದಲು ಹೂಗಳನ್ನು ಒಣಗಿದ ರಟ್ಟಿನ ಪೆಟ್ಟಿಗೆಗೆ ಎತ್ತಿಡಿ; ಕುಂಬಳದ ಪಟ್ಟಿಗಳನ್ನು ಒಂದರ ಮೇಲೊಂದು ಸರಿಸಿ ಮಡಿಸಿದರೆ ಒಂದು ಲಕೋಟೆಯಲ್ಲಿ ಹಿಡಿಯುತ್ತವೆ, ಮುಂದಿನ ವರ್ಷಕ್ಕೂ ಬರುತ್ತವೆ.